ಯಾವ ಮಗುವಿಗೆ ಯಾವ ಪುಸ್ತಕ? ಶಾಲಾ ಗ್ರಂಥಾಲಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆಯ ಪುಸ್ತಕದ ಬೀರು ಯಾರ ಕೈಯಲ್ಲಿದೆಯೋ ಅಂಥ ಶಿಕ್ಷಕರಿಂದ ಬಂದ ಪ್ರಶ್ನೆಗಳು ಈ ಸಲ ಹೆಚ್ಚು. ಕೆಲವರಿಗೆ ಮಕ್ಕಳು ಒಂದೇ ಬಗೆಯ ಪುಸ್ತಕಕ್ಕೆ ಅಂಟಿಕೊಂಡಿದ್ದಾರೆ ಎಂಬ ಚಿಂತೆ, ಕೆಲವರಿಗೆ ಯಾವುದನ್ನೂ ಮುಟ್ಟುತ್ತಿಲ್ಲ ಎಂಬ ಚಿಂತೆ. ಪುಸ್ತಕದ ಹೆಸರು ಹೇಳುವುದು ಸುಲಭ. ಆ ಹೆಸರು ಮಗುವಿನ ಕೈಗೆ ತಲುಪಿ, ಕೊನೆಯ ಪುಟದವರೆಗೆ ಹೋಗುವಂತೆ ಮಾಡುವುದಕ್ಕೆ ಒಂದಿಷ್ಟು ಕ್ರಮ ಬೇಕು.

ಏಳನೇ ತರಗತಿಯ ಆರೇಳು ಹುಡುಗರು ಬೇಟೆ, ನರಭಕ್ಷಕ ಹುಲಿಗಳ ಕಥೆ ಬಿಟ್ಟು ಬೇರೇನೂ ಓದುವುದಿಲ್ಲ. ಅವೇ ನಾಲ್ಕು ಪುಸ್ತಕ ಕೈಯಿಂದ ಕೈಗೆ ಸುತ್ತುತ್ತಿವೆ. ಬೇರೆಯದು ಕೊಟ್ಟರೆ ಮರುದಿನವೇ ವಾಪಸ್. ಏನು ಮಾಡಲಿ?
*ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು*

ಮೊದಲು, ಆ ನಾಲ್ಕು ಪುಸ್ತಕಗಳನ್ನು ಬೀರುವಿನ ಹಿಂದಕ್ಕೆ ಸರಿಸಬೇಡಿ. ಸಾಧ್ಯವಾದರೆ ಅವುಗಳ ಎರಡನೇ ಪ್ರತಿ ತರಿಸಿ. ಏಳನೇ ತರಗತಿಯ ಹುಡುಗ ಒಂದು ಪುಸ್ತಕವನ್ನು ಎರಡನೇ ಸಲ ಓದುತ್ತಿದ್ದಾನೆಂದರೆ ಅವನು ಓದುಗನಾಗಿದ್ದಾನೆ ಎಂದೇ ಅರ್ಥ. ಈಗ ಅವನಿಗೆ ಬೇಕಿರುವುದು ಪಕ್ಕದ ಬಾಗಿಲು.

ಆ ಬಾಗಿಲು ಯಾವುದು ಎಂದು ತಿಳಿಯಲು ‘ಯಾಕೆ ಇಷ್ಟವಾಯಿತು?’ ಎಂದು ಕೇಳಿ ಪ್ರಯೋಜನವಿಲ್ಲ, ‘ಚೆನ್ನಾಗಿದೆ ಸಾರ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಯಾವ ಭಾಗ ಎರಡನೇ ಸಲ ಓದಿದೆ? ತೋರಿಸು’ ಎನ್ನಿ. ಒಬ್ಬ ಹುಲಿ ಪೊದೆಯಿಂದ ಹೊರಬರುವ ಪುಟ ತೆಗೆಯುತ್ತಾನೆ, ಅವನಿಗೆ ಬೇಕಿರುವುದು ‘ಮುಂದೇನು’ ಎಂಬ ಬಿಗಿ. ಇನ್ನೊಬ್ಬ ಹೆಜ್ಜೆಗುರುತು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಜಾಗ ತೋರಿಸುತ್ತಾನೆ, ಅವನ ಆಸಕ್ತಿ ಪ್ರಾಣಿಯ ಮೇಲೆ. ಮೂರನೆಯವ ‘ಇದು ನಿಜವಾಗಿ ನಡೆದದ್ದು’ ಎನ್ನುತ್ತಾನೆ. ನಾಲ್ಕನೆಯವನಿಗೆ ಅಧ್ಯಾಯಗಳು ಚಿಕ್ಕವಾಗಿರುವುದೇ ಅನುಕೂಲ. ಪುಸ್ತಕ ಒಂದೇ ಆದರೂ ಓದುಗರು ನಾಲ್ಕು ಬಗೆ.

ಇನ್ನು ಮುಖ್ಯ ನಿಯಮ: ಒಂದು ಸಲಕ್ಕೆ ಒಂದೇ ಗುಣವನ್ನು ಬದಲಿಸಿ, ಉಳಿದದ್ದು ಹಾಗೇ ಇರಲಿ. ಕೆನೆತ್ ಆಂಡರ್ಸನ್ ಅನುಭವಗಳನ್ನು ಆಧರಿಸಿ ಪೂರ್ಣಚಂದ್ರ ತೇಜಸ್ವಿ ಬರೆದ ‘ಕಾಡಿನ ಕತೆಗಳು’ ಓದಿ ಮುಗಿಸಿದವನಿಗೆ ಅವರದೇ ‘ಪರಿಸರದ ಕತೆ’ ಕೊಡಿ. ಲೇಖಕ ಅವರೇ, ಕಾಡೂ ಇದೆ, ಅಧ್ಯಾಯಗಳೂ ಚಿಕ್ಕವು. ನರಭಕ್ಷಕ ಮಾತ್ರ ಇಲ್ಲ, ಅದರ ಜಾಗದಲ್ಲಿ ಕಿವಿ ಎಂಬ ನಾಯಿ, ಮಾರ, ಹಕ್ಕಿ, ಮೀನು. ಅದು ಹಿಡಿಸಿದರೆ ‘ಕರ್ವಾಲೊ’. ಇಲ್ಲಿ ಬದಲಾಗುವುದು ಉದ್ದ: ಬಿಡಿ ಬಿಡಿ ಕಥೆಗಳ ಬದಲು ಒಂದೇ ದೊಡ್ಡ ಕಥೆ. ಅಲ್ಲಿಂದ ಲೇಖಕರನ್ನು ಬದಲಿಸಬಹುದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರದು, ಭಾಷೆ ಸ್ವಲ್ಪ ಹಳೆಯ ಹದದ್ದು. ಆದರೆ ಅದರ ಕಾಡು ನಿಮ್ಮ ತಾಲ್ಲೂಕಿನದೇ ಆದ್ದರಿಂದ ತೀರ್ಥಹಳ್ಳಿಯ ಮಕ್ಕಳಿಗೆ ಆ ಭಾಷೆ ಅಷ್ಟಾಗಿ ಅಡ್ಡಬರುವುದಿಲ್ಲ. ಪ್ರಾಣಿಯ ಮೇಲೆ ಆಸಕ್ತಿ ಇರುವವನನ್ನು ‘ಕನ್ನಡ ನಾಡಿನ ಹಕ್ಕಿಗಳು’ ಕಡೆಗೂ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳ ಕಡೆಗೂ ತಿರುಗಿಸಿ. ‘ನಿಜವಾಗಿ ನಡೆದದ್ದು’ ಬೇಕೆನ್ನುವವನಿಗೆ ಬೋಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಒಳ್ಳೆಯ ತಿರುವು.

ಶಿಫಾರಸು ಸೋಲುವುದು ಎರಡು ಮೂರು ಗುಣಗಳನ್ನು ಒಟ್ಟಿಗೆ ಬದಲಿಸಿದಾಗ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕಾಡಿನ ಪುಸ್ತಕವೇ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ಸ್ವಾಮಿಯವರೇ ಬರೆದ ರೇಖಾಚಿತ್ರಗಳೂ ಇವೆ. ಆದರೆ ಹುಲಿಯ ಬದಲು ಗಿಡ, ಓಟದ ಬದಲು ಹಾಸ್ಯ, ಜೊತೆಗೆ ಸಸ್ಯಗಳ ಶಾಸ್ತ್ರೀಯ ಹೆಸರುಗಳು. ಏಳನೇ ತರಗತಿಯವನ ಕೈಗೆ ನೇರವಾಗಿ ಇಟ್ಟರೆ ಅದು ಮರುದಿನ ಮೇಜಿಗೆ ಬರುತ್ತದೆ. ಒಂಬತ್ತನೇ ತರಗತಿಯವರೆಗೆ ಕಾಯಿರಿ, ಇಲ್ಲವೇ ಒಂದು ಪ್ರಸಂಗವನ್ನು ನೀವೇ ಗಟ್ಟಿಯಾಗಿ ಓದಿ.

ಕೊಡುವಾಗ ಒಂದೇ ಪುಸ್ತಕ ಹಿಡಿಸಬೇಡಿ, ಮೂರನ್ನು ಮುಂದಿಡಿ: ಅವನ ರುಚಿಗೆ ಖಂಡಿತ ಒಗ್ಗುವ ಒಂದು, ಒಂದು ಗುಣ ಬೇರೆ ಇರುವ ಒಂದು, ಪೂರಾ ಬೇರೆಯದೇ ಆದ ಒಂದು. ಆಯ್ಕೆ ಅವನದೇ ಇರಲಿ. ಮಗು ಬೇಡ ಎಂದ ಪುಸ್ತಕವೂ ನಿಮಗೆ ಒಂದು ಸುಳಿವೇ. ಜೊತೆಗೆ ತರಗತಿಗೆಲ್ಲ ಗೊತ್ತಿರುವ ಒಂದು ರಿಯಾಯಿತಿ ಇರಲಿ: 20 ಪುಟ ಓದಿ, ಹಿಡಿಸದಿದ್ದರೆ ಕಾರಣ ಹೇಳದೆ ಹಿಂದಿರುಗಿಸಬಹುದು. ಪೂರ್ತಿ ಓದಲೇಬೇಕೆಂಬ ಕಟ್ಟುಪಾಡಿದ್ದಲ್ಲಿ ಮಕ್ಕಳು ಗೊತ್ತಿರುವ ಪುಸ್ತಕವನ್ನೇ ಮತ್ತೆ ಮತ್ತೆ ಒಯ್ಯುತ್ತಾರೆ.

ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಒಂದು ಪುಸ್ತಕ ಪರಿಚಯಿಸುತ್ತೇನೆ. ಲೇಖಕರ ಪರಿಚಯ, ಸಾರಾಂಶ, ನೀತಿ ಎಲ್ಲ ಹೇಳುತ್ತೇನೆ. ಕೇಳಿಕೊಂಡು ಬಂದವರು ಬಹಳ ಕಡಿಮೆ.
*ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಗೋಕಾಕ ತಾಲ್ಲೂಕು*

ಸಾರಾಂಶ ಕೇಳಿದ ಮೇಲೆ ಓದಲು ಏನು ಉಳಿಯಿತು? ನೀತಿ ಕೇಳಿದ ಮೇಲೆ ಅದೂ ಒಂದು ಪಾಠವೇ ಆಯಿತು. ಪ್ರಾರ್ಥನೆಯ ಸಾಲಿನಲ್ಲಿ ಇನ್ನೊಂದು ತೊಡಕಿದೆ. ಮುನ್ನೂರು ಮಕ್ಕಳ ಮುಂದೆ ಒಂದೇ ಪ್ರತಿ ಎತ್ತಿ ಹಿಡಿದರೆ ‘ನನಗಂತೂ ಸಿಗಲ್ಲ’ ಎಂದು ಎಲ್ಲರೂ ಅಲ್ಲೇ ಕೈಬಿಡುತ್ತಾರೆ. ಜಾಗವನ್ನು ತರಗತಿಗೆ ಬದಲಿಸಿ. ಗ್ರಂಥಾಲಯದ ಅವಧಿಯ ಮೊದಲ ಹತ್ತು ನಿಮಿಷ ಸಾಕು, ನಾಲ್ಕು ಪುಸ್ತಕ, ಒಂದೊಂದಕ್ಕೆ ಒಂದೂವರೆ ನಿಮಿಷ, ಉಳಿದ ಸಮಯ ಪುಸ್ತಕ ಕೈಗೆ ಕೊಡಲಿಕ್ಕೆ.

ಈ ಒಂದೂವರೆ ನಿಮಿಷಕ್ಕೆ ಮೊದಲೇ ತಯಾರಾಗಿ ಬರಬೇಕು. ಪುಸ್ತಕವನ್ನು ನೀವು ಪೂರ್ತಿ ಓದಿರಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಮುನ್ನುಡಿ ನೋಡಿ ಮಾತಾಡಿದ್ದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಓದುವಾಗ ಒಂದು ಜಾಗಕ್ಕೆ ಚೀಟಿ ಇಡಿ: ಏನೋ ಆಗಲಿದೆ, ಇನ್ನೂ ಆಗಿಲ್ಲ ಎನ್ನುವ ಜಾಗ, ಮೊದಲ ಕಾಲು ಭಾಗದೊಳಗೆ. ತರಗತಿಯಲ್ಲಿ ಲೇಖಕರ ಹೆಸರಿನಿಂದ ಶುರು ಮಾಡಬೇಡಿ, ಪುಸ್ತಕದ ಒಳಗಿನಿಂದ ಶುರು ಮಾಡಿ. ‘ಕರ್ವಾಲೊ’ ಪರಿಚಯಿಸುವುದಾದರೆ ‘ಇದು ವಿಕಾಸವಾದದ ಹಿನ್ನೆಲೆಯ ಕಾದಂಬರಿ’ ಎಂದರೆ ಒಂಬತ್ತನೇ ತರಗತಿ ಕಿಟಕಿಯಾಚೆ ನೋಡುತ್ತದೆ. ‘ಹಾರುವ ಓತಿಯನ್ನು ಕಂಡಿದ್ದೇನೆ ಎನ್ನುತ್ತಾನೆ ಹಳ್ಳಿಯ ಮಂದಣ್ಣ. ಅವನ ಮಾತನ್ನು ದೊಡ್ಡ ವಿಜ್ಞಾನಿಯೊಬ್ಬರು ಯಾಕೆ ನಂಬಿದರು?’ ಎಂದು ಕೇಳಿ ನಿಲ್ಲಿಸಿ. ‘ತೊತ್ತೋಚಾನ್’ ಆದರೆ, ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ, ಅವಳು ಸೇರಿದ ಹೊಸ ಶಾಲೆಯ ಕೊಠಡಿಗಳೆಲ್ಲ ರೈಲು ಡಬ್ಬಿಗಳು, ಅಷ್ಟೇ. ಆಮೇಲೆ ಚೀಟಿ ಇಟ್ಟ ಪುಟದಿಂದ ಆರೇಳು ಸಾಲು ಓದಿ, ವಾಕ್ಯ ಇನ್ನೂ ಬಿಸಿಯಾಗಿರುವಾಗಲೇ ಪುಸ್ತಕ ಮುಚ್ಚಿ. ಕೊನೆಗೆ ಮೂರು ವಿಷಯ ಪ್ರಾಮಾಣಿಕವಾಗಿ ಹೇಳಿ: ಎಷ್ಟು ಪುಟ ಇದೆ, ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸಲಿಕ್ಕಿಲ್ಲ. ‘ಮೊದಲ ಹತ್ತು ಪುಟ ನಿಧಾನ, ಆಮೇಲೆ ಓಡುತ್ತದೆ’ ಎಂದು ಮುಂಚೆಯೇ ಹೇಳಿದ್ದರೆ ಮಗು ಆ ಹತ್ತು ಪುಟ ತಾಳಿಕೊಳ್ಳುತ್ತದೆ.

ನಾಲ್ಕರಲ್ಲಿ ಒಂದು ನಗಿಸುವಂಥದ್ದು, ಒಂದು ನಿಜ ಸಂಗತಿಯದ್ದು, ಒಂದು ಪದ್ಯ ಅಥವಾ ನಾಟಕ, ಒಂದು ತೀರಾ ತೆಳ್ಳಗಿನದು ಇರಲಿ. ತೆಳ್ಳಗಿನ ಪುಸ್ತಕವನ್ನು ಕೊನೆಗೆ ಇಡಬೇಡಿ, ನಡುವೆ ಸೇರಿಸಿ. ಮುಗಿದ ಕೂಡಲೇ ಪುಸ್ತಕ ಕೈಗೆ ಹೋಗಬೇಕು. ‘ಶುಕ್ರವಾರ ಬಂದು ತೆಗೆದುಕೊಳ್ಳಿ’ ಎಂದರೆ ಶುಕ್ರವಾರದ ಹೊತ್ತಿಗೆ ಎಲ್ಲ ಮರೆತಿರುತ್ತದೆ. ಬೇಕೆಂದವರು ಐವರಿದ್ದರೆ ಒಂದು ಹಾಳೆಯಲ್ಲಿ ಸರದಿ ಬರೆದು ಗೋಡೆಗೆ ಅಂಟಿಸಿ. ಆ ಸರದಿಯ ಹಾಳೆಯೇ ಆರನೆಯವನನ್ನು ಕರೆತರುತ್ತದೆ.

ಒಂದು ತಿಂಗಳು ನೀವು ಮಾಡಿ ತೋರಿಸಿದ ಮೇಲೆ ನಾಲ್ಕರಲ್ಲಿ ಎರಡನ್ನು ಮಕ್ಕಳಿಗೇ ಬಿಡಿ. ಒಂಬತ್ತನೇ ತರಗತಿಯ ಹುಡುಗಿಗೆ ಇನ್ನೊಬ್ಬ ಹುಡುಗಿ ‘ನಿಂಗ ಇದ ಹಿಡಸ್ತದ ನೋಡು’ ಎಂದು ಹೇಳುವುದಕ್ಕಿಂತ ದೊಡ್ಡ ಶಿಫಾರಸಿಲ್ಲ.

ಏಳನೇ ತರಗತಿಯಲ್ಲಿದ್ದರೂ ಒತ್ತಕ್ಷರ ಬಂದರೆ ತಡವರಿಸುವ ಮಕ್ಕಳಿದ್ದಾರೆ. ಚಿಕ್ಕ ತರಗತಿಯ ಪುಸ್ತಕ ಕೊಟ್ಟರೆ ನಾಚಿಕೆ, ತರಗತಿಗೆ ತಕ್ಕದ್ದು ಕೊಟ್ಟರೆ ಓದಲಾಗುವುದಿಲ್ಲ.
*ಶಿಕ್ಷಕಿ, ಸಿಂಧನೂರು ತಾಲ್ಲೂಕು*

ಇಂಥ ಮಕ್ಕಳೇ ನಮ್ಮ ಗ್ರಂಥಾಲಯಗಳು ಕೈಬಿಟ್ಟಿರುವ ದೊಡ್ಡ ಗುಂಪು. ಮೊದಲು ತೊಡಕು ಎಲ್ಲಿದೆ ನೋಡಿ. ಸಜಾತಿ ಒತ್ತು (ಅಕ್ಕ, ಬೆಟ್ಟ) ಬರುತ್ತದೆಯೇ? ವಿಜಾತಿ ಒತ್ತಿನಲ್ಲಿ (ಪುಸ್ತಕ, ಭಕ್ತ) ನಿಲ್ಲುತ್ತಾರೆಯೇ? ಅರ್ಕಾವತ್ತಿನಲ್ಲಿ ತಪ್ಪುವವರು ತುಂಬಾ ಜನ, ಯಾಕೆಂದರೆ ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರ್ ಬರೆಯುವಾಗ ಅಕ್ಷರದ ಹಿಂದೆ ಬಂದು ಕೂರುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತಿನ ಪದಗಳು ಕೊನೆಯ ಗೋಡೆ. ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ರ, ಗ, ಸ, ದ, ಅ ಎಂದು ಶುರುಮಾಡಿ ಕಲಿತ ಮಕ್ಕಳು ಮೂರನೇ ತರಗತಿ ದಾಟುವ ಹೊತ್ತಿಗೆ ಒತ್ತಕ್ಷರ ಗಟ್ಟಿಯಾಗದಿದ್ದರೆ ಮುಂದೆ ಅದಕ್ಕೆಂದೇ ಸಮಯ ಸಿಗುವುದು ಕಷ್ಟ.

ಪುಸ್ತಕ ಹೊಂದುತ್ತದೆಯೇ ಎಂದು ನೋಡುವ ಬಗೆ ಹೀಗೆ. ನಡುವಿನ ಒಂದು ಪುಟ ತೆರೆಸಿ, ತನ್ನಷ್ಟಕ್ಕೆ ಓದಿಕೊಳ್ಳಲಿ. ತಡೆದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಎರಡು ಮೂರಾದರೆ ಸರಿ. ಒಂದೂ ಇಲ್ಲದಿದ್ದರೆ ಸುಲಭ, ಆದರೂ ಒಯ್ಯಲಿ. ಇದನ್ನು ಇಡೀ ತರಗತಿಗೆ ಕಲಿಸಿ, ಆಗ ಯಾರೊಬ್ಬರನ್ನೂ ಬೊಟ್ಟುಮಾಡಿ ತೋರಿಸಿದಂತಾಗುವುದಿಲ್ಲ.

ನಾಚಿಕೆ ತಪ್ಪಿಸಲು ಪುಸ್ತಕದ ವಿಷಯ ದೊಡ್ಡವರದ್ದಾಗಿರಬೇಕು, ಅಕ್ಷರ ಮಾತ್ರ ಸುಲಭವಿರಬೇಕು. ಬೆಕ್ಕಿನ ಮರಿ, ಚಂದಮಾಮನ ಚಿತ್ರಪುಸ್ತಕ ಬೇಡ. ಸೈಕಲ್, ಹಾವು, ಬಾವಿ, ಆಕಾಶ, ಕ್ರೀಡೆ, ಯಂತ್ರ ಇವುಗಳ ಬಗ್ಗೆ ಚಿತ್ರ ಹೆಚ್ಚಿರುವ ತೆಳು ಪುಸ್ತಕಗಳು ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದಂಥ ಪ್ರಕಾಶನಗಳ ಪಟ್ಟಿಯಲ್ಲಿ ಹುಡುಕಿ. ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು 1ರಿಂದ 4ರವರೆಗಿನ ಹಂತಗಳಲ್ಲಿ ಗುರುತಿಸುತ್ತದೆ. ನಿಮ್ಮ ಮಕ್ಕಳಿಗೆ 2 ಮತ್ತು 3ನೇ ಹಂತದಿಂದ ಆರಿಸಿ. ಅದರ ಸ್ಟೋರಿವೀವರ್ ತಾಣದಿಂದ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿ ಮುದ್ರಿಸಿಕೊಳ್ಳಲೂ ಅವಕಾಶವಿದೆ. ಹಂತದ ಬಣ್ಣದ ಚುಕ್ಕಿ ಅಂಟಿಸುವುದಾದರೆ ಹೊರ ರಕ್ಷಾಪುಟದ ಮೇಲೆ ಬೇಡ, ಒಳಬದಿಯಲ್ಲಿ ಅಂಟಿಸಿ. ಹೊರಗೆ ಅಂಟಿಸಿದರೆ ಮೂರೇ ವಾರದಲ್ಲಿ ‘ಅವನು ಹಸಿರು ಚುಕ್ಕಿ’ ಎಂಬ ಅಡ್ಡಹೆಸರು ಹುಟ್ಟಿಕೊಳ್ಳುತ್ತದೆ.

ಪದ್ಯವನ್ನು ಮರೆಯಬೇಡಿ. ಕಿವಿಗೆ ಪರಿಚಯವಿರುವ ಹಾಡು ಕಣ್ಣಿಗೆ ಬೇಗ ಒಗ್ಗುತ್ತದೆ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಎರಡು ದಿನ ನೀವು ಗಟ್ಟಿಯಾಗಿ ಓದಿ, ಮೂರನೆಯ ದಿನ ಪುಸ್ತಕ ಕೊಡಿ. ಪ್ರಾಸ ಮುಂದಿನ ಪದವನ್ನು ಬಾಯಿಗೆ ತಂದುಕೊಡುತ್ತದೆ, ಒತ್ತಕ್ಷರ ಅದರ ಹಿಂದೆಯೇ ಬರುತ್ತದೆ. ಕಥೆಗೂ ಇದೇ ಉಪಾಯ: ಮೊದಲ ಅರ್ಧ ನೀವು ಓದಿ, ಉಳಿದರ್ಧ ಅವರಿಗೆ ಬಿಡಿ. ಹೆಸರುಗಳು, ಊರು, ಸನ್ನಿವೇಶ ಆಗಲೇ ಗೊತ್ತಿರುವುದರಿಂದ ಅರ್ಧ ಕಷ್ಟ ಕಳೆದಿರುತ್ತದೆ.

ಗ್ರಂಥಾಲಯದ ಅನುದಾನ ಬಂದಿದೆ. ಕಪಾಟಿನ ತುಂಬ ದಾನವಾಗಿ ಬಂದ ಹಳೆಯ ಪುಸ್ತಕಗಳಿವೆ, ಯಾರೂ ಮುಟ್ಟುವುದಿಲ್ಲ. ಏನು ಕೊಳ್ಳಬೇಕು, ಏನು ತೆಗೆಯಬೇಕು?
*ಮುಖ್ಯ ಶಿಕ್ಷಕರು, ಅರಸೀಕೆರೆ ತಾಲ್ಲೂಕು*

‘ಸಮಗ್ರ ಶಿಕ್ಷಣ’ ಯೋಜನೆಯ ಗ್ರಂಥಾಲಯ ಅನುದಾನ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ ₹5,000ದಿಂದ ₹20,000ದವರೆಗೆ. ₹5,000 ಎಂದೇ ಇಟ್ಟುಕೊಳ್ಳೋಣ, ಒಂದಕ್ಕೆ ಸರಾಸರಿ ₹100 ಎಂದರೆ 50 ಪುಸ್ತಕ. 1ರಿಂದ 7ನೇ ತರಗತಿಯ ಶಾಲೆಯಾದರೆ ನಮ್ಮ ಹಂಚಿಕೆ ಹೀಗಿರುತ್ತದೆ: ಚಿತ್ರಪುಸ್ತಕ ಮತ್ತು ತೆಳು ಪುಸ್ತಕ 15, ಕಥೆ 12, ವಿಜ್ಞಾನ, ಪರಿಸರ, ಮಾಡಿ ನೋಡುವ ಪುಸ್ತಕ 8, ಜೀವನಚರಿತ್ರೆ ಮತ್ತು ಪ್ರವಾಸ 5, ಪದ್ಯ, ನಾಟಕ 4, ಕನ್ನಡವಲ್ಲದ ಭಾಷೆಯವು 3. ಉಳಿದ 3, ಹಿಂದಿನ ವರ್ಷ ಅತಿಹೆಚ್ಚು ಓಡಾಡಿದ ಪುಸ್ತಕಗಳ ಎರಡನೇ ಪ್ರತಿ. ಈ ಕೊನೆಯದನ್ನು ಬಹುತೇಕ ಶಾಲೆಗಳು ದಂಡ ಎಂದುಕೊಳ್ಳುತ್ತವೆ, ನಿಜಕ್ಕೂ ಅದೇ ಅತ್ಯುತ್ತಮ ಖರ್ಚು.

ದಪ್ಪ ರಟ್ಟಿನ ವಿಶ್ವಕೋಶದ ಸೆಟ್ಟಿಗೆ ಅರ್ಧ ಹಣ ಸುರಿಯಬೇಡಿ. ಬೀಗದ ಹಿಂದೆ ಚೆಂದ ಕಾಣುತ್ತದೆ, ಅಷ್ಟೇ. ವ್ಯಾಪಾರಿ ತಂದು ತೋರಿಸುವ ‘ಶಾಲಾ ಕಟ್ಟು’ಗಳನ್ನೂ ಬಿಚ್ಚಿ ನೋಡದೆ ಕೊಳ್ಳಬೇಡಿ. ಲೇಖಕ, ಚಿತ್ರಕಾರರ ಹೆಸರೇ ಇಲ್ಲದ, ಅಚ್ಚಿನ ತಪ್ಪು ತುಂಬಿದ ನೀತಿಕಥೆಗಳು ಅದರಲ್ಲಿ ಬಂದುಬಿಡುತ್ತವೆ. ಸಾಧ್ಯವಾದರೆ ಇಬ್ಬರು ಶಿಕ್ಷಕರು, ನಾಲ್ವರು ಮಕ್ಕಳು ಅಂಗಡಿಗೋ ಪುಸ್ತಕ ಮೇಳಕ್ಕೋ ಹೋಗಿ ಆರಿಸಲಿ.

ಇನ್ನು ಹಳೆಯ ಕಪಾಟು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎನ್ನುವುದರ ಪಕ್ಕದಲ್ಲೇ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದೂ ಇದೆ. ಆದ್ದರಿಂದ ತೆಗೆದುಹಾಕುವ ಮೊದಲು ಒಂದು ಅವಕಾಶ ಕೊಡಿ. ಹರಿದದ್ದು, ಗೆದ್ದಲು ಹಿಡಿದದ್ದು, ಹಳೆಯ ಪಠ್ಯಕ್ರಮದ ಗೈಡುಗಳು, ಪ್ಲೂಟೊವನ್ನು ಇನ್ನೂ ಒಂಬತ್ತನೇ ಗ್ರಹವೆನ್ನುವ ವಿಜ್ಞಾನ ಪುಸ್ತಕಗಳು, ಇವನ್ನು ಒಂದು ಗುಂಪು ಮಾಡಿ. ಗಟ್ಟಿಯಾಗಿದ್ದೂ ಯಾರೂ ಒಯ್ಯದವು ಇನ್ನೊಂದು ಗುಂಪು. ಈ ಎರಡನೆಯ ಗುಂಪಿನಿಂದ ವಾರಕ್ಕೆ ಆರು ಪುಸ್ತಕಗಳನ್ನು ಬೆನ್ನು ಕಾಣುವಂತೆ ಜೋಡಿಸದೆ ಮುಖ ಕಾಣುವಂತೆ ಹೊರಗಿಡಿ. ಗೋಡೆಗೆ ಕಟ್ಟಿದ ಹಗ್ಗ, ಬಟ್ಟೆ ಕ್ಲಿಪ್ಪು ಸಾಕು. ಕನ್ನಡದ ಎಷ್ಟೋ ತೆಳು ಪುಸ್ತಕಗಳಿಗೆ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ, ಸಾಲಿನಲ್ಲಿ ನಿಂತರೆ ಅವು ಇಲ್ಲದಂತೆಯೇ. ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ ಕಿರುಪುಸ್ತಕಗಳು ನಿಮ್ಮ ಕಪಾಟಿನಲ್ಲೂ ಹೀಗೇ ಹೂತಿರಬಹುದು, ಹುಡುಕಿ. ಇಷ್ಟಾಗಿಯೂ ಒಂದು ವರ್ಷ ಯಾರೂ ಒಯ್ಯದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಟ್ಟಿ ಇಟ್ಟು, ನಿರ್ಣಯ ಬರೆಸಿ, ಇಲಾಖೆಯ ಕ್ರಮದಂತೆ ದಾಸ್ತಾನಿನಿಂದ ಕಡಿಮೆ ಮಾಡಿಸಿ. ನೀವೇ ರದ್ದಿಗೆ ಹಾಕಿದರೆ ಲೆಕ್ಕ ತಪಾಸಣೆಯಲ್ಲಿ ಉತ್ತರಿಸಬೇಕಾಗುತ್ತದೆ.

ಹಣ ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಕೇಳಿ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ.

ಗಡಿಭಾಗದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮಲಯಾಳಂ. ಪುಸ್ತಕದ ಕನ್ನಡ ಅವರಿಗೆ ದೂರ.
*ಶಿಕ್ಷಕರು, ಮಂಜೇಶ್ವರ*

ಎರಡು ಬಗೆಯ ಪುಸ್ತಕ ಬೇಕು. ಮಕ್ಕಳ ಊರು, ಊಟ, ಹಬ್ಬ, ಕಡಲು ಇರುವ ಪುಸ್ತಕ ಒಂದು ಬಗೆ. ಪಂಜೆ ಮಂಗೇಶರಾಯರ ಪದ್ಯ, ಕಥೆಗಳಿಂದ ಶುರು ಮಾಡಿ, ಪ್ರೌಢಶಾಲೆಯವರಿಗೆ ಸಾರಾ ಅಬೂಬಕ್ಕರ್, ಬೋಳುವಾರು. ಒಂದೇ ಕಥೆ ಎರಡು ಭಾಷೆಯಲ್ಲಿರುವುದು ಇನ್ನೊಂದು. ಕನ್ನಡ, ಮಲಯಾಳಂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟರೆ ಮನೆಯಲ್ಲಿ ಅಮ್ಮನೂ ಜೊತೆಗೆ ಓದಬಹುದು. ಗಟ್ಟಿಯಾಗಿ ಓದುವಾಗ ನಡುವೆ ತುಳುವಿನಲ್ಲಿ ಮಾತಾಡಿಕೊಳ್ಳಲು ಬಿಡಿ, ಕಥೆ ಅರ್ಥವಾಗುವುದು ಅಲ್ಲೇ. ಧಾರವಾಡ, ಕುಂದಾಪುರದ ಆಡುಮಾತಿನ ಸಂಭಾಷಣೆ ಇರುವ ಪುಸ್ತಕಗಳನ್ನು ಮಾತ್ರ ಮೊದಲು ಕಿವಿಗೆ ಕೇಳಿಸದೆ ಕೈಗೆ ಕೊಡಬೇಡಿ.

ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಪುಸ್ತಕ ಇಡಬೇಕೆ?
*ಗ್ರಂಥಾಲಯ ಉಸ್ತುವಾರಿ ಶಿಕ್ಷಕಿ, ಚನ್ನಪಟ್ಟಣ*

ಬೇಡ. ‘ಹುಡುಗಿಯ ಕಥೆ’ ಎಂದು ನೀವು ಹೇಳದಿದ್ದರೆ ಹುಡುಗರು ‘ತೊತ್ತೋಚಾನ್’ ಓದುತ್ತಾರೆ. ಪರಿಚಯಿಸುವಾಗ ಪುಸ್ತಕದ ಘಟನೆಯನ್ನು ಹೇಳಿ, ಯಾರಿಗಾಗಿ ಎಂದು ಹೇಳಬೇಡಿ.

ಹತ್ತನೇ ತರಗತಿಯವರಿಗೆ ಪಠ್ಯ ಬಿಟ್ಟು ಬೇರೆ ಓದಲು ಪೋಷಕರು ಬಿಡುವುದಿಲ್ಲ.
*ಪ್ರೌಢಶಾಲಾ ಶಿಕ್ಷಕರು, ಹೊಸದುರ್ಗ*

ಪೋಷಕರ ಆತಂಕ ಸಹಜವೇ, ವಾದಕ್ಕೆ ಇಳಿಯಬೇಡಿ. ಪುಸ್ತಕ ಮನೆಗೆ ಹೋಗದಿದ್ದರೆ ಶಾಲೆಯಲ್ಲೇ ಓದಲಿ: ಊಟದ ನಂತರ 15 ನಿಮಿಷ. ಒಂದೇ ಕೂರಿಕೆಯಲ್ಲಿ ಒಂದು ಭಾಗ ಮುಗಿಯುವಂಥವನ್ನು ಕೊಡಿ: ಸಣ್ಣಕಥೆ, ಪ್ರಬಂಧ, ಸಿದ್ದಲಿಂಗಯ್ಯ ಅವರ ‘ಊರು ಕೇರಿ’, ಗೊರೂರರ ‘ಹಳ್ಳಿಯ ಚಿತ್ರಗಳು’, ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ದೊಡ್ಡ ಕಾದಂಬರಿಗಳ ಪಟ್ಟಿಯನ್ನು ಪರೀಕ್ಷೆ ಮುಗಿದ ದಿನ ಕೈಗೆ ಕೊಡಿ, ಆ ರಜೆ ತುಂಬ ಉದ್ದ.

ಇನ್ನೂರು ಮಕ್ಕಳಿದ್ದಾರೆ. ಯಾರು ಏನು ಓದಿದರು, ಮುಂದೆ ಏನು ಕೊಡಬೇಕು ಎಂದು ನೆನಪಿಡುವುದು ಹೇಗೆ?
*ಶಿಕ್ಷಕರು, ಇಂಡಿ ತಾಲ್ಲೂಕು*

ಪುಸ್ತಕ ಕೊಟ್ಟು ಪಡೆದ ವಹಿಯಲ್ಲಿ ಇದು ಸಿಗುವುದಿಲ್ಲ, ಅದು ಪುಸ್ತಕದ ಲೆಕ್ಕ. ಓದುಗನ ಲೆಕ್ಕಕ್ಕೆ ಬೇರೆ ನೋಟ್‌ಬುಕ್ ಬೇಕು: ಮಗುವಿಗೆ ಅರ್ಧ ಪುಟ, ಮೂರು ಅಂಕಣ. ಮುಗಿಸಿದ್ದು, ಬಿಟ್ಟದ್ದು (ಎಷ್ಟನೇ ಪುಟದಲ್ಲಿ), ಮುಂದೆ ಕೊಡಬೇಕಾದದ್ದು. ಎಲ್ಲರನ್ನೂ ಒಂದೇ ವಾರ ಮಾತಾಡಿಸಲು ಹೋದರೆ ಎರಡನೇ ವಾರಕ್ಕೆ ಕೈಬಿಡುತ್ತೀರಿ. ದಿನಕ್ಕೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೆ ಎರಡು ನಿಮಿಷ. ಹೀಗೆ 50 ಶಾಲಾ ದಿನಗಳಲ್ಲಿ ಇನ್ನೂರು ಮಕ್ಕಳೂ ಒಂದು ಸುತ್ತು ಬರುತ್ತಾರೆ. ಮೊದಲ ಸುತ್ತನ್ನು ಈವರೆಗೆ ಒಂದೂ ಪುಸ್ತಕ ಒಯ್ಯದವರಿಂದ ಶುರು ಮಾಡಿ. ಬಿಟ್ಟ ಪುಟದ ಸಂಖ್ಯೆ ತಪ್ಪದೆ ಬರೆಯಿರಿ: ಬೇರೆ ಬೇರೆ ಮಕ್ಕಳು ಒಂದೇ ಪುಸ್ತಕವನ್ನು ಹೆಚ್ಚುಕಡಿಮೆ ಒಂದೇ ಪುಟದಲ್ಲಿ ಬಿಟ್ಟಿದ್ದರೆ ತೊಡಕು ಪುಸ್ತಕದಲ್ಲಿದೆ. ಮುಂದಿನ ಸಲ ಅದನ್ನು ಪರಿಚಯಿಸುವಾಗ ಆ ಪುಟದವರೆಗೆ ನೀವೇ ಓದಿ ಹೇಳಿ. ಒಂದೇ ಮಗು ಮೂರು ಪುಸ್ತಕವನ್ನೂ ಐದಾರು ಪುಟದಲ್ಲೇ ಬಿಟ್ಟಿದ್ದರೆ ಕಣ್ಣಿನ ಪರೀಕ್ಷೆ ಆಗಿದೆಯೇ ಎಂದು ಮೊದಲು ವಿಚಾರಿಸಿ, ಪುಸ್ತಕ ಬದಲಿಸುವುದು ಆಮೇಲೆ.